ಔಷಧದ ಚೀಟಿಯಲ್ಲಿ ಬರೆಯದ ಔಷಧ

ಶಿವಮೊಗ್ಗದ ದುರ್ಗಿಗುಡಿಯಲ್ಲಾಗಲಿ, ಭದ್ರಾವತಿಯ ನ್ಯೂಟೌನಿನಲ್ಲಾಗಲಿ, ಯಾವ ಬೀದಿಯನ್ನು ಹೊಕ್ಕರೂ ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಇರುವ ಹಿರಿಯರೊಬ್ಬರ ಮನೆ ಸಿಕ್ಕದೆ ಇರದು. ಆ ಮನೆಯ ಗಡಿಯಾರದ ಹಿಂದೆಯೋ ಪಂಚಾಂಗದ ನಡುವೆಯೋ ಒಂದು ಔಷಧದ ಚೀಟಿ ಇರುತ್ತದೆ. ಬೆಳಗ್ಗೆ ಇಂಥ ಗುಳಿಗೆ, ರಾತ್ರಿ ಇಂಥ ಗುಳಿಗೆ, ಊಟಕ್ಕೆ ಮುಂಚೆ ಇಷ್ಟು, ಊಟವಾದ ಮೇಲೆ ಇಷ್ಟು ಎಂದು ಅದರಲ್ಲಿ ಬರೆದಿರುತ್ತದೆ. ಆದರೆ ವೈದ್ಯರು ಬಾಯಿಮಾತಿನಲ್ಲಿ ಹೇಳಿದ ಇನ್ನೊಂದು ಔಷಧ ಮಾತ್ರ ಅದರಲ್ಲಿ ಇರುವುದಿಲ್ಲ. ರೋಗಿಯು ಎದ್ದು ಬಾಗಿಲ ಬಳಿಗೆ ಬಂದಾಗ, “ಸ್ವಲ್ಪ ವಾಕಿಂಗ್ ಮಾಡಿ” ಎಂದು ಅವರು ಹೇಳಿರುತ್ತಾರೆ. ಎಷ್ಟು ಹೊತ್ತು, ಯಾವಾಗ, ಎಲ್ಲಿ, ಎಷ್ಟು ವೇಗದಿಂದ ಎಂಬುದನ್ನು ಅವರೂ ಹೇಳಿರುವುದಿಲ್ಲ, ಇವರೂ ಕೇಳಿರುವುದಿಲ್ಲ. ಮುಂದಿನ ತಿಂಗಳು ಹೋದಾಗ “ಗುಳಿಗೆ ತೆಗೆದುಕೊಂಡಿರಾ?” ಎಂಬ ಪ್ರಶ್ನೆ ಬರುತ್ತದೆಯೇ ಹೊರತು “ನಡೆದಿರಾ?” ಎಂಬ ಪ್ರಶ್ನೆ ಬರುವುದು ವಿರಳ. ಬರೆದುಕೊಡದ, ಮರಳಿ ವಿಚಾರಿಸದ ಔಷಧವನ್ನು ಯಾರು ತಾನೆ ನೇಮದಿಂದ ಸೇವಿಸಿಯಾರು?

ವ್ಯಾಯಾಮವೆಂಬ ಈ ಔಷಧವನ್ನು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಹೇಗೆ ಕೊಡಬೇಕು, ಕೊಟ್ಟ ಮೇಲೆ ಅದು ನಿಂತುಹೋಗದಂತೆ ಹೇಗೆ ನೋಡಿಕೊಳ್ಳಬೇಕು ಎಂಬುದೇ ಈ ಲೇಖನದ ವಿಷಯ. ಆರಂಭಿಸುವುದು ಸುಲಭ, ನಡೆಸಿಕೊಂಡು ಹೋಗುವುದು ಕಷ್ಟ. ಈ ಎರಡನೆಯ ಮಾತಿನ ಕಡೆಗೇ ನಮ್ಮ ಹೆಚ್ಚಿನ ಗಮನವಿರಬೇಕೆಂಬುದು ನಮ್ಮ ಅಭಿಪ್ರಾಯ.

ವ್ಯಾಯಾಮವೆಂದೊಡನೆ ದಂಡ, ಬಸ್ಕಿ, ಗದೆಗಳೇ ಅನೇಕರ ಕಣ್ಣಮುಂದೆ ನಿಲ್ಲುತ್ತವೆ. ಶಬ್ದದ ಅರ್ಥವಾದರೋ ಅಷ್ಟು ಭಯಂಕರವಾದುದಲ್ಲ. ‘ಯಮ್’ ಧಾತುವಿಗೆ ವಿ ಮತ್ತು ಆ ಎಂಬ ಉಪಸರ್ಗಗಳು ಸೇರಿ ಆದ ಈ ಶಬ್ದಕ್ಕೆ ಅಂಗಾಂಗಗಳನ್ನು ಚಾಚಿ ನೀಡುವುದೆಂಬುದೇ ಮೂಲಾರ್ಥ. ನಮ್ಮ ಪ್ರಾಚೀನ ವೈದ್ಯರು ಇದನ್ನು ಚಿಕಿತ್ಸೆಯೆಂದೇ ಎಣಿಸಿದ್ದರು. ಸುಶ್ರುತಸಂಹಿತೆಯಲ್ಲಿ ಪ್ರಮೇಹಚಿಕಿತ್ಸೆಯನ್ನು ಹೇಳುವ ಅಧ್ಯಾಯವೊಂದುಂಟು. ರೋಗವು ಬಲಿತವನು ಮಲ್ಲಯುದ್ಧ, ಆಟಪಾಟ, ಆನೆ ಕುದುರೆಗಳ ಸವಾರಿ, ಕಾಲ್ನಡಿಗೆ ಮುಂತಾದವುಗಳನ್ನು ಮಾಡಬೇಕೆಂದು ಅಲ್ಲಿ ವಿಧಿಸಿದೆ. ಧನವಿಲ್ಲದವನಿಗೆ ಇವೆಲ್ಲ ಎಲ್ಲಿಂದ ಬಂದಾವು? ಅಂಥವನು ಕಾಲಿಗೆ ಮೆಟ್ಟಿಲ್ಲದೆ, ತಲೆಯ ಮೇಲೆ ಕೊಡೆಯಿಲ್ಲದೆ, ಊರಿಗೊಂದು ರಾತ್ರಿಯಂತೆ ತಂಗುತ್ತ ನೂರು ಯೋಜನ ನಡೆಯಲಿ, ಇಲ್ಲವೆ ಗೋವುಗಳ ಹಿಂದೆ ತಿರುಗಲಿ, ಅದೂ ಇಲ್ಲದಿದ್ದರೆ ಬಾವಿಯನ್ನು ತೋಡಲಿ ಎಂಬುದು ಆಚಾರ್ಯನ ಮತ. ಕೃಶನಾದ ರೋಗಿಯನ್ನು ಮಾತ್ರ ಇಂಥ ಶ್ರಮದಿಂದ ಕಾಪಾಡಬೇಕೆಂದೂ ಅಲ್ಲಿಯೇ ಎಚ್ಚರಿಕೆಯಿದೆ.

ನೂರು ಯೋಜನ ನಡೆಯಿರೆಂದು ನಾವು ಯಾರಿಗೂ ಹೇಳುವುದಿಲ್ಲ. ಇಲ್ಲಿ ಗಮನಿಸತಕ್ಕ ಅಂಶ ಬೇರೆಯೇ ಇದೆ. ಆ ವೈದ್ಯನು “ಸ್ವಲ್ಪ ಓಡಾಡಪ್ಪ” ಎಂದು ಹೇಳಿ ಕೈತೊಳೆದುಕೊಳ್ಳಲಿಲ್ಲ. ರೋಗಿಯ ದೇಹವೆಂಥದು, ಅವನ ಕೈಯಲ್ಲಿ ಕಾಸೆಷ್ಟಿದೆ, ಅವನ ದಿನಚರಿಯಲ್ಲಿ ಯಾವುದು ಸಾಧ್ಯ ಎಂಬುದನ್ನು ನೋಡಿ ಪ್ರಮಾಣವನ್ನು ಗೊತ್ತುಮಾಡಿದನು. ವ್ಯಾಯಾಮವನ್ನು ಶಕ್ತಿಯ ಅರ್ಧದಷ್ಟು ಮಾತ್ರ ಮಾಡತಕ್ಕದ್ದೆಂಬ ನಿಯಮವೂ ನಮ್ಮ ಆಯುರ್ವೇದದಲ್ಲಿ ಉಂಟು. ಉಸಿರು ಬಾಯಿಗೆ ಬಂದಿತೆಂದರೆ ಅರ್ಧಬಲ ಮುಗಿಯಿತೆಂದು ತಿಳಿಯಬೇಕೆಂದು ಸುಶ್ರುತನು ಅದರ ಗುರುತನ್ನೂ ಹೇಳಿದ್ದಾನೆ. ಇಂದಿನ ವೈದ್ಯರು ಹೇಳುವ ಅಳತೆಯೂ ಇದಕ್ಕೆ ದೂರವಾದುದಲ್ಲ: ನಡೆಯುವಾಗ ಜೊತೆಯವರೊಡನೆ ಮಾತನಾಡಲು ಆಗುತ್ತಿರಬೇಕು, ಹಾಡಲು ಆಗುತ್ತಿರಬಾರದು, ಅದೇ ಮಧ್ಯಮ ಶ್ರಮ.

ಪ್ರಾಚೀನರ ಮಾತು ಹಾಗಿರಲಿ, ಈಗಿನ ಶಾಸ್ತ್ರಜ್ಞರು ಪರೀಕ್ಷಿಸಿ ಕಂಡುದೇನೆಂದು ಕೆಲವರು ಕೇಳಬಹುದು. ಲಂಡನ್ ನಗರದಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯನೂ ಅವನ ಸಂಗಡಿಗರೂ ಎರಡು ಅಂತಸ್ತಿನ ಬಸ್ಸುಗಳ ನೌಕರರನ್ನು ಪರಿಶೀಲಿಸಿ 1953ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ದಿನವೆಲ್ಲ ಕುಳಿತೇ ಇರುವ ಚಾಲಕರಿಗಿಂತ, ಮೆಟ್ಟಿಲುಗಳನ್ನು ಹತ್ತಿ ಇಳಿಯುವ ಕಂಡಕ್ಟರರಲ್ಲಿ ಹೃದ್ರೋಗವು ಕಡಮೆಯಾಗಿತ್ತು. ಒಂದೇ ಬಸ್ಸು, ಒಂದೇ ದಾರಿ. ಒಬ್ಬನು ಕುಳಿತವನು, ಇನ್ನೊಬ್ಬನು ಓಡಾಡುವವನು.

ನಮ್ಮ ನೆರೆಯ ಚೆನ್ನೈ ನಗರದ ಪ್ರಯೋಗವು ಇನ್ನೂ ಹತ್ತಿರದ್ದು. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತಿದ್ದ 531 ಜನರನ್ನು ಅಲ್ಲಿನ ವೈದ್ಯರು ಸುಮಾರು ಮೂರು ವರ್ಷ ನೋಡಿಕೊಂಡು 2006ರಲ್ಲಿ ಫಲವನ್ನು ಪ್ರಕಟಿಸಿದರು. ಸಾಮಾನ್ಯವಾದ ಬುದ್ಧಿವಾದವನ್ನಷ್ಟೇ ಕೇಳಿದವರಲ್ಲಿ ನೂರಕ್ಕೆ 55 ಮಂದಿ ಮಧುಮೇಹಿಗಳಾದರು. ಆಹಾರವನ್ನು ತಿದ್ದಿಕೊಂಡು, ದಿನಕ್ಕೆ ಅರ್ಧ ಗಂಟೆಯಾದರೂ ಚುರುಕಾಗಿ ನಡೆಯಬೇಕೆಂದು ಗೊತ್ತುಮಾಡಿಸಿಕೊಂಡವರಲ್ಲಿ ಸುಮಾರು 39 ಮಂದಿ ಮಾತ್ರ. ಮೊದಲೇ ಮೈಮುರಿದು ದುಡಿಯುತ್ತಿದ್ದವರಿಗೆ ಅದನ್ನೇ ಮುಂದುವರಿಸಿರೆಂದು ಹೇಳಿದ್ದರಂತೆ. ಈ ಎರಡನೆಯ ಗುಂಪಿನವರನ್ನು ಒಂದು ಸಲ ಬೋಧಿಸಿ ಕಳುಹಿಸಿಬಿಡಲಿಲ್ಲವೆಂಬುದನ್ನು ವಾಚಕರು ಮರೆಯಬಾರದು. ದೂರವಾಣಿಯಲ್ಲಿ ಮತ್ತೆ ಮತ್ತೆ ವಿಚಾರಿಸಿದರು, ಆರು ತಿಂಗಳಿಗೊಮ್ಮೆ ಎದುರಿಗೆ ಕೂರಿಸಿಕೊಂಡು ಮಾತನಾಡಿದರು.

ಎಷ್ಟು ವ್ಯಾಯಾಮ ಬೇಕೆಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೇಳಿದ ಲೆಕ್ಕ ಹೀಗಿದೆ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ. ವಾರದಲ್ಲಿ ಎರಡು ದಿನವಾದರೂ ಮಾಂಸಖಂಡಗಳಿಗೆ ಬಲ ಕೊಡುವ ಕೆಲಸ. 65 ದಾಟಿದವರಿಗೆ ಬೀಳದಂತೆ ತೂಕ ಕಾಯುವ ಅಭ್ಯಾಸ ವಾರಕ್ಕೆ ಮೂರು ದಿನ. ಮಕ್ಕಳಿಗೆ ದಿನಕ್ಕೆ ಸರಾಸರಿ ಒಂದು ಗಂಟೆ. ಒಂದೇ ಸಮನೆ ಹತ್ತು ನಿಮಿಷವಾದರೂ ಮಾಡಿದರೆ ಮಾತ್ರ ಲೆಕ್ಕಕ್ಕೆ ಬರುವುದೆಂದು 2010ರಲ್ಲಿ ಹೇಳಿದ್ದರು. 2020ರಲ್ಲಿ ಆ ನಿಬಂಧನೆಯನ್ನು ತೆಗೆದುಹಾಕಿದರು. ಐದು ನಿಮಿಷದ ನಡಿಗೆಯೂ ವ್ಯರ್ಥವಲ್ಲವೆಂಬುದು ಮನೆವಾರ್ತೆಯ ಹೆಂಗಸರಿಗೆ ಬಹಳ ಸಮಾಧಾನದ ಮಾತು.

ಇನ್ನು ನಮ್ಮ ಎರಡು ಊರುಗಳ ಕಡೆಗೆ ಬರೋಣ. ಹಿಂದೆ ಬೆಂಕಿಪುರವೆನಿಸಿಕೊಂಡಿದ್ದ ಭದ್ರಾವತಿಯು ಮೈದುಡಿಮೆಯಿಂದಲೇ ಬೆಳೆದ ಪಟ್ಟಣ. 1918ರಲ್ಲಿ ಕಬ್ಬಿಣದ ಕಾರ್ಖಾನೆ ಸ್ಥಾಪನೆಯಾಗಿ 1923ರಲ್ಲಿ ಅಲ್ಲಿ ಕಬ್ಬಿಣ ಕರಗಿತು. 1936ರಲ್ಲಿ ಕಾಗದದ ಕಾರ್ಖಾನೆಯ ಸಂಸ್ಥೆ ಹುಟ್ಟಿತು. ಮಲೆನಾಡಿನ ಕಾಡಿನ ಸೌದೆಯ ಇದ್ದಲು, ಕೆಮ್ಮಣ್ಣುಗುಂಡಿಯ ಅದಿರು, ಕುಲುಮೆಯ ಬೇಗೆ, ಇವುಗಳ ನಡುವೆ ದುಡಿದವನಿಗೆ ಬೇರೆ ವ್ಯಾಯಾಮವೇಕೆ? ಪಾಳಿಗೆ ಹೋಗುವಾಗಲೂ ಕಾಲ್ನಡಿಗೆ ಇಲ್ಲವೆ ಸೈಕಲ್ಲು. ಆ ಕಾಲ ಕಳೆಯಿತು. ಕಬ್ಬಿಣದ ಕಾರ್ಖಾನೆಯಲ್ಲಿ ಆಳುಗಳ ಸಂಖ್ಯೆ ಇಳಿಯುತ್ತ ಬಂದಿತು; ಕಾಗದದ ಕಾರ್ಖಾನೆಯು 2015ರ ಸುಮಾರಿಗೆ ಉತ್ಪಾದನೆಯನ್ನು ನಿಲ್ಲಿಸಿತು. ಮೂವತ್ತು ವರ್ಷ ಬೆವರು ಸುರಿಸಿದ ದೇಹವು ಒಂದು ದಿನ ಮನೆಯ ಜಗಲಿಯ ಕುರ್ಚಿಗೆ ಬಂದು ಕುಳಿತರೆ, ಊಟವು ಹಿಂದಿನಷ್ಟೇ ಇದ್ದು ದುಡಿಮೆ ಮಾತ್ರ ಇಲ್ಲವಾದರೆ, ಪರಿಣಾಮವೇನಾದೀತೆಂದು ಹೇಳಬೇಕಾದುದಿಲ್ಲ. ಶಿವಮೊಗ್ಗದ ಕಥೆ ಬೇರೆಯಾದರೂ ಫಲವೊಂದೇ. ಗೋಪಿ ವೃತ್ತದಿಂದ ಗಾಂಧಿ ಬಜಾರಿಗೆ ಹೋಗಬೇಕಾದರೂ ಸ್ಕೂಟರನ್ನು ಹೊರಡಿಸುವವರು ನಾವು. ಮನೆಯಲ್ಲಿ ಒರಳಿನ ಜಾಗಕ್ಕೆ ಮಿಕ್ಸಿ, ಬಾವಿಯ ರಾಟೆಯ ಜಾಗಕ್ಕೆ ನಲ್ಲಿ, ಬಟ್ಟೆಯ ಕಲ್ಲಿನ ಜಾಗಕ್ಕೆ ಯಂತ್ರ ಬಂದಿವೆ. ಹೆಂಗಸರ ಬೆನ್ನಿನ ಭಾರವನ್ನು ಇಳಿಸಿದ ಈ ಸೌಕರ್ಯಗಳನ್ನು ನಾವು ಹಳಿಯುವುದಿಲ್ಲ. ಆದರೆ ಹೋದ ಶ್ರಮದ ಸ್ಥಾನದಲ್ಲಿ ಬೇರೊಂದನ್ನು ಇಡಲಿಲ್ಲವೆಂಬುದೂ ನಿಜ.

ದೇಶದ ಲೆಕ್ಕವನ್ನು ನೋಡಿದರೆ ಸಂಗತಿ ಇನ್ನೂ ಸ್ಪಷ್ಟವಾಗುತ್ತದೆ. 2022ನೆಯ ವರ್ಷದ ಅಂದಾಜಿನಂತೆ ಭಾರತದ ವಯಸ್ಕರಲ್ಲಿ ಹೆಚ್ಚು ಕಡಮೆ ಅರ್ಧದಷ್ಟು ಜನಕ್ಕೆ ಸಾಕಷ್ಟು ಶರೀರಶ್ರಮವಿಲ್ಲ. ಗಂಡಸರಿಗಿಂತ ಹೆಂಗಸರಲ್ಲಿ ಈ ಕೊರತೆ ಹೆಚ್ಚು. 2023ರಲ್ಲಿ ಪ್ರಕಟವಾದ ಇನ್ನೊಂದು ಸಮೀಕ್ಷೆಯಂತೆ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ 10 ಕೋಟಿಯನ್ನು ದಾಟಿದೆ. ಅದರ ಹೊಸ್ತಿಲಲ್ಲಿರುವವರು ಅದಕ್ಕಿಂತಲೂ ಹೆಚ್ಚು. ಇಷ್ಟು ಜನರನ್ನು ದೊಡ್ಡ ಆಸ್ಪತ್ರೆಗಳು ನೋಡಿಕೊಳ್ಳಲಾರವು. ಮನೆಯ ಹತ್ತಿರದ ಸಣ್ಣ ಆರೋಗ್ಯ ಕೇಂದ್ರವೇ ಗತಿ.

ಈ ಸಣ್ಣ ಕೇಂದ್ರದ ಕಲ್ಪನೆ ನಮ್ಮ ನಾಡಿಗೆ ಹೊಸದಲ್ಲ. ಹಿಂದಿನ ಮೈಸೂರು ಸಂಸ್ಥಾನವು 1930ರ ಆಸುಪಾಸಿನಲ್ಲಿಯೇ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮಂಡ್ಯದಲ್ಲಿ ಗ್ರಾಮಾಂತರ ಆರೋಗ್ಯ ಘಟಕವನ್ನು ನಡೆಸಿತ್ತು. 1946ರ ಭೋರ್ ಸಮಿತಿಯ ವರದಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಯೋಜನೆ ಬಂದಿತು. 1952ರಿಂದ ಅವು ಏರ್ಪಟ್ಟವು. ಆಗಿನ ಶತ್ರುಗಳು ಮಲೇರಿಯಾ, ಸಿಡುಬು, ಕಾಲರಾ. ಈಗಿನ ಶತ್ರುಗಳು ಮನೆಯೊಳಗೆ ಮೆಲ್ಲನೆ ಬಂದು ಕೂರತಕ್ಕವು. ಆದುದರಿಂದ 2018ರಿಂದ ಉಪಕೇಂದ್ರಗಳನ್ನು ಕ್ಷೇಮ ಕೇಂದ್ರಗಳನ್ನಾಗಿ ಮಾಡಿ, 30 ವರ್ಷ ದಾಟಿದವರ ರಕ್ತದೊತ್ತಡ, ಸಕ್ಕರೆಗಳನ್ನು ಪರೀಕ್ಷಿಸುವ ಏರ್ಪಾಡಾಯಿತು; ಯೋಗಾಭ್ಯಾಸವೂ ಅಲ್ಲಿನ ಕಾರ್ಯಗಳಲ್ಲಿ ಒಂದಾಯಿತು. ಕರ್ನಾಟಕದ ಪಟ್ಟಣಗಳಲ್ಲಿ 2022ರಿಂದ ‘ನಮ್ಮ ಕ್ಲಿನಿಕ್’ಗಳು ತೆರೆದವು, 2024ರಲ್ಲಿ ಮನೆಬಾಗಿಲಿಗೇ ಹೋಗಿ ಪರೀಕ್ಷಿಸುವ ‘ಗೃಹ ಆರೋಗ್ಯ’ ಯೋಜನೆ ಆರಂಭವಾಯಿತು. ಇವೆಲ್ಲ ಸ್ತುತ್ಯವಾದ ಕಾರ್ಯಗಳು. ಆದರೆ ರೋಗವನ್ನು ಕಂಡುಹಿಡಿದ ಮೇಲೆ ಗುಳಿಗೆಯೊಡನೆ ವ್ಯಾಯಾಮವನ್ನೂ ಕೈಗೆ ಕೊಟ್ಟು ಕಳುಹಿಸುವ ಪದ್ಧತಿ ಇನ್ನೂ ಬಲವಾಗಿ ಬೇರೂರಬೇಕಾಗಿದೆ.

ಅನ್ಯದೇಶಗಳಲ್ಲಿ ಇದನ್ನು ಹೇಗೆ ಮಾಡಿದರೆಂಬುದಕ್ಕೆ ಎರಡು ನಿದರ್ಶನಗಳನ್ನು ಕೊಡುತ್ತೇವೆ. ನ್ಯೂಜಿಲೆಂಡಿನಲ್ಲಿ ‘ಹಸಿರು ಚೀಟಿ’ ಎಂಬ ಪದ್ಧತಿಯುಂಟು. ವೈದ್ಯರು ಗುಳಿಗೆಯ ಹೆಸರಿನ ಬದಲಾಗಿ ಇಷ್ಟು ನಡಿಗೆ ಎಂದು ಚೀಟಿಯಲ್ಲಿ ಬರೆದುಕೊಡುವರು. ಆಮೇಲೆ ವ್ಯಾಯಾಮವನ್ನು ಬಲ್ಲವರು ಮೂರು ತಿಂಗಳ ಕಾಲ ದೂರವಾಣಿಯಲ್ಲಿ ವಿಚಾರಿಸುವರು. ಅಲ್ಲಿ 42 ಚಿಕಿತ್ಸಾಲಯಗಳ 878 ಜನರ ಮೇಲೆ ನಡೆದ ಪರೀಕ್ಷೆಯ ಫಲವು 2003ರಲ್ಲಿ ಪ್ರಕಟವಾಯಿತು. ವರ್ಷ ಕಳೆದ ಮೇಲೆ ನೋಡಿದಾಗ, ಚೀಟಿ ಪಡೆದ ಪ್ರತಿ ಹತ್ತು ಜನರಲ್ಲಿ ಒಬ್ಬರಂತೆ ವಾರಕ್ಕೆ ಎರಡೂವರೆ ಗಂಟೆಯ ಶ್ರಮವನ್ನು ಹೆಚ್ಚಾಗಿ ಮುಟ್ಟಿದ್ದರು. ಹತ್ತರಲ್ಲಿ ಒಬ್ಬರೇ ಎಂದು ಕೆಲವರು ನಗಬಹುದು. ಒಂದು ತುಂಡು ಕಾಗದ, ಕೆಲವು ನಿಮಿಷದ ಮಾತು, ಎರಡು ಮೂರು ಕರೆಗಳು, ಇಷ್ಟರಿಂದ ಹತ್ತರಲ್ಲಿ ಒಬ್ಬರು ಬದಲಾದರೆ, ಸಾವಿರಕ್ಕೆ ನೂರು ಮಂದಿಯಾಯಿತಲ್ಲವೆ?

ಎರಡನೆಯದು ಬ್ರೆಜಿಲ್ ದೇಶದ ರೆಸಿಫೆ ನಗರದ್ದು. ಅಲ್ಲಿ 2002ರಲ್ಲಿ ಸಾರ್ವಜನಿಕ ಚೌಕಗಳಲ್ಲಿಯೂ ಉದ್ಯಾನಗಳಲ್ಲಿಯೂ ಉಚಿತವಾದ ವ್ಯಾಯಾಮ ತರಗತಿಗಳನ್ನು ಏರ್ಪಡಿಸಿದರು. ಶಿಕ್ಷಣ ಪಡೆದ ಉಪಾಧ್ಯಾಯರು ಗೊತ್ತಾದ ಹೊತ್ತಿಗೆ ಬಂದು ಹೇಳಿಕೊಡುವರು. ಹೆಂಗಸರೇ ಹೆಚ್ಚಾಗಿ ಬಂದು ಸೇರಿದರು. 2011ರಲ್ಲಿ ಇದೇ ಮಾದರಿಯು ಪ್ರಾಥಮಿಕ ಆರೋಗ್ಯ ವ್ಯವಸ್ಥೆಯ ಅಂಗವಾಗಿ ಆ ದೇಶಕ್ಕೆಲ್ಲ ಹರಡಿತು.

ನಮ್ಮಲ್ಲಿಯೂ ಆರಂಭಗಳಿಗೆ ಕೊರತೆಯಿಲ್ಲ. 2015ರಿಂದ ಜೂನ್ 21ರಂದು ಯೋಗ ದಿನಾಚರಣೆ ನಡೆಯುತ್ತಿದೆ. ಅಂದು ಮೈದಾನಗಳು ತುಂಬುತ್ತವೆ. ಆದರೆ ಮಲೆನಾಡಿನ ಹೆಬ್ಬಾಗಿಲೆನಿಸಿದ ನಮ್ಮ ಊರುಗಳಲ್ಲಿ ಜೂನ್ ಎಂದರೆ ಮಳೆಗಾಲದ ಬಾಗಿಲು. ಜುಲೈ ತಿಂಗಳಿನಲ್ಲಿ ತುಂಗೆಯೂ ಭದ್ರೆಯೂ ಕೆಂಪಗೆ ತುಂಬಿ ಹರಿಯುವಾಗ ಚಾಪೆ ಹಿಡಿದು ಹೊರಡುವವರು ಯಾರು? ಮಳೆ ನಿಲ್ಲುವ ಹೊತ್ತಿಗೆ ಅಭ್ಯಾಸವು ತಪ್ಪಿರುತ್ತದೆ. ಇದು ಜನರ ಸೋಮಾರಿತನವಲ್ಲ, ಏರ್ಪಾಡಿನ ಕೊರತೆ.

ಹಾಗಾದರೆ ವ್ಯಾಯಾಮವು ನಿಲ್ಲದೆ ನಡೆಯುವುದು ಹೇಗೆ? ನಮ್ಮ ಹಿಂದಿನ ಗರಡಿಮನೆಯನ್ನು ನೆನೆದರೆ ಉತ್ತರ ದೊರೆಯುತ್ತದೆ. ಗರಡಿಗೆ ಮಾಡಿತ್ತು, ಆದುದರಿಂದ ಮಳೆಯ ನೆಪವಿರಲಿಲ್ಲ. ಗೊತ್ತಾದ ಹೊತ್ತಿತ್ತು. ಜೊತೆಗಾರರಿದ್ದರು. ಎಲ್ಲಕ್ಕಿಂತ ಮಿಗಿಲಾಗಿ, “ನಿನ್ನೆ ಏಕೆ ಬರಲಿಲ್ಲ?” ಎಂದು ಕೇಳುವ ವಸ್ತಾದನಿದ್ದನು. ಗರಡಿಯು ಹುಡುಗರಿಗೆ ಮಾತ್ರ ಮೀಸಲಾಗಿತ್ತೆಂಬುದು ಅದರ ದೋಷ. ಆ ನಾಲ್ಕು ಗುಣಗಳನ್ನು ಉಳಿಸಿಕೊಂಡು ಆ ದೋಷವನ್ನು ಬಿಟ್ಟರೆ ಇಂದಿನ ಆರೋಗ್ಯ ಕೇಂದ್ರಕ್ಕೆ ಬೇಕಾದ ಮಾದರಿ ಸಿದ್ಧವಾಗುತ್ತದೆ. ಮಳೆಗಾಲಕ್ಕೆ ಸಮುದಾಯ ಭವನವೋ, ಶಾಲೆಯ ಹಜಾರವೋ, ಕಲ್ಯಾಣಮಂಟಪವೋ ಬೇಕು. ಹೆಂಗಸರಿಗೆ ಬೆಳಗಿನ ಅಡಿಗೆಯ ಹೊತ್ತಲ್ಲ, ಮಕ್ಕಳು ಶಾಲೆಗೆ ಹೋದ ಮೇಲಿನ ಹೊತ್ತು ಬೇಕು. ಹೊಸ ಸಂಘ ಕಟ್ಟುವುದಕ್ಕಿಂತ ಈಗಾಗಲೇ ಕೂಡುತ್ತಿರುವ ಸ್ತ್ರೀಶಕ್ತಿ ಸಂಘ, ಭಜನಾ ಮಂಡಳಿ, ನಿವೃತ್ತ ನೌಕರರ ಕೂಟಗಳಿಗೆ ಇದನ್ನು ಜೋಡಿಸುವುದು ಲೇಸು. ಮುಂದಾಳು ಅದೇ ಬೀದಿಯವರಾಗಿರಬೇಕು. ಒಬ್ಬರು ಊರಿಗೆ ಹೋದರೆ ನಡೆಸಲು ಇನ್ನೊಬ್ಬರು ಕಲಿತಿರಬೇಕು. ಈ ಹೊರೆಯನ್ನೆಲ್ಲ ಆಶಾ ಕಾರ್ಯಕರ್ತೆಯರ ಹೆಗಲಿಗೆ ಹಾಕುವುದು ಮಾತ್ರ ಸಲ್ಲದು. ಬಾಣಂತಿ, ಕೂಸು, ಚುಚ್ಚುಮದ್ದು, ಸಮೀಕ್ಷೆ ಎಂದು ಅವರ ಕೈ ಆಗಲೇ ತುಂಬಿದೆ.

ಕೇಂದ್ರದಲ್ಲಿ ಮಾತುಕತೆ ಹೇಗಿರಬೇಕೆಂಬುದಕ್ಕೆ ಒಂದು ಕಲ್ಪಿತ ಸಂಭಾಷಣೆಯನ್ನು ಬರೆಯುತ್ತೇವೆ. ಬಂದವರು ಭದ್ರಾವತಿಯ ಹಳೇನಗರದ ಐವತ್ತೈದರ ಗೃಹಿಣಿ, ಕೇಳುವವರು ದಾದಿ.

“ಅಮ್ಮಾ, ದಿನಕ್ಕೆ ಎಷ್ಟು ಹೊತ್ತು ನಡೆಯುತ್ತೀರಿ?”

“ಮನೆ ಕೆಲಸವೇ ಬೇಕಾದಷ್ಟಿದೆ ಸಿಸ್ಟರ್. ಬೇರೆ ವ್ಯಾಯಾಮ ಯಾಕೆ?”

“ಕೆಲಸ ಮಾಡುವಾಗ ಉಸಿರು ಸ್ವಲ್ಪ ಜೋರಾಗುತ್ತದೆಯೇ?”

“ಗುಡಿಸಿ ಒರೆಸುವಾಗ ಆಗುತ್ತದೆ. ಮಿಕ್ಕ ಹೊತ್ತು ನಿಂತೇ ಕೆಲಸ.”

“ಒರೆಸುವುದು ಲೆಕ್ಕಕ್ಕೆ ಬಂತು. ಒಲೆ ಮುಂದೆ ನಿಲ್ಲುವುದು ಬರುವುದಿಲ್ಲ. ಎಲ್ಲಿಗಾದರೂ ದಿನಾ ಹೋಗುತ್ತೀರಾ?”

“ಸಾಯಂಕಾಲ ದೇವಸ್ಥಾನಕ್ಕೆ. ಮಗ ಬೈಕಿನಲ್ಲಿ ಬಿಡುತ್ತಾನೆ.”

“ಈ ವಾರ ಹೋಗುವಾಗ ಮಾತ್ರ ನಡೆದು ಹೋಗಿ, ಬರುವಾಗ ಬೈಕಿನಲ್ಲೇ ಬನ್ನಿ. ಹತ್ತು ನಿಮಿಷ ಆಗುತ್ತದೆ. ಚೀಟಿಯಲ್ಲಿ ಬರೆದಿದ್ದೇನೆ. ಮುಂದಿನ ತಿಂಗಳು ಗುಳಿಗೆಗೆ ಬಂದಾಗ ಎಷ್ಟು ದಿನ ನಡೆದಿರಿ ಎಂದು ಕೇಳುತ್ತೇನೆ. ಪಂಚಾಂಗದಲ್ಲಿ ಗುರುತು ಹಾಕಿಕೊಳ್ಳಿ.”

ಇಲ್ಲಿ ಉಪದೇಶವಿಲ್ಲ, ಬೈಗುಳವಿಲ್ಲ. ಇರುವ ದಿನಚರಿಯಲ್ಲಿಯೇ ಒಂದು ಸಂದನ್ನು ಹುಡುಕಿ, ಚಿಕ್ಕ ಪ್ರಮಾಣವನ್ನು ಗೊತ್ತುಮಾಡಿ, ಬರೆದುಕೊಟ್ಟು, ಮರಳಿ ಕೇಳುವ ಮಾತಿದೆ. ಮುಂದಿನ ತಿಂಗಳು ಹತ್ತು ನಿಮಿಷವು ಇಪ್ಪತ್ತಾಗಬಹುದು. ಮಾತೃಭಾವದಿಂದ ಕೇಳಿದ ಒಂದು ಪ್ರಶ್ನೆಯು ಗೋಡೆಯ ಮೇಲಿನ ಹತ್ತು ಭಿತ್ತಿಪತ್ರಗಳಿಗೆ ಸಮ.

ಕೆಲವು ಎಚ್ಚರಿಕೆಗಳನ್ನೂ ಹೇಳಬೇಕು. ನಡೆಯುವಾಗ ಎದೆ ನೋವು, ತಲೆ ಸುತ್ತು, ಮಿತಿಮೀರಿದ ಏದುಸಿರು ಬಂದರೆ ಕೂಡಲೆ ನಿಲ್ಲಿಸಿ ವೈದ್ಯರನ್ನು ಕಾಣತಕ್ಕದ್ದು. ಹೃದ್ರೋಗವಿದ್ದವರು ಮೊದಲೇ ಕೇಳಿಕೊಂಡು ಆರಂಭಿಸಬೇಕು. ಮಧುಮೇಹಿಗಳು ಬರಿಗಾಲಿನಲ್ಲಿ ನಡೆಯಬಾರದು. ಮನೆಗೆ ಬಂದ ಮೇಲೆ ಅಂಗಾಲನ್ನು ನೋಡಿಕೊಳ್ಳಬೇಕು. ಸುಶ್ರುತನ ವಿಧಿಯಲ್ಲಿ ಈ ಒಂದಂಶವನ್ನು ಇಂದಿನ ಜ್ಞಾನವು ತಿದ್ದಿದೆ. ಇನ್ಸುಲಿನ್ ಅಥವಾ ಸಕ್ಕರೆಯನ್ನು ಬಹಳ ಇಳಿಸುವ ಗುಳಿಗೆ ತೆಗೆದುಕೊಳ್ಳುವವರು ಹಸಿದ ಹೊಟ್ಟೆಯಲ್ಲಿ ದೂರ ಹೋಗದೆ, ಜೇಬಿನಲ್ಲಿ ಸ್ವಲ್ಪ ಸಕ್ಕರೆಯನ್ನೋ ಬೆಲ್ಲವನ್ನೋ ಇಟ್ಟುಕೊಳ್ಳುವುದು ಒಳ್ಳೆಯದು. ವೃದ್ಧರು ನಡೆಯುವುದರ ಜೊತೆಗೆ, ಗೋಡೆಯ ಆಸರೆಯಲ್ಲಿ ಒಂಟಿಕಾಲಿನ ಮೇಲೆ ನಿಲ್ಲುವುದು, ಕುರ್ಚಿಯಿಂದ ಕೈಯೂರದೆ ಏಳುವುದು ಮುಂತಾದುವನ್ನು ಕಲಿತರೆ ಬೀಳುವ ಭಯ ಕಡಮೆಯಾಗುತ್ತದೆ. ವ್ಯಾಯಾಮ ಆರಂಭಿಸಿದೆವೆಂದು ಗುಳಿಗೆಯನ್ನು ತಾವಾಗಿಯೇ ಬಿಡುವುದು ಅಪಾಯಕರ.

ಸರ್ಕಾರವು ಮಾಡಬೇಕಾದುದು ಉಂಟು, ವೈದ್ಯರು ಮಾಡಬೇಕಾದುದು ಉಂಟು. ಆದರೆ ಈ ಪತ್ರಿಕೆಯು ಮನೆಮಂದಿ ಓದುವ ಪತ್ರಿಕೆಯಾದುದರಿಂದ ಮನೆಯವರು ಮಾಡಬಹುದಾದ ಎರಡು ಕಾರ್ಯಗಳನ್ನು ಹೇಳಿ ಮುಗಿಸುತ್ತೇವೆ. ಮುಂದಿನ ಸಲ ಆರೋಗ್ಯ ಕೇಂದ್ರಕ್ಕೆ ಹೋದಾಗ, “ನಾನು ಎಷ್ಟು ನಡೆಯಬೇಕು? ದಯವಿಟ್ಟು ಚೀಟಿಯಲ್ಲಿ ಬರೆದುಕೊಡಿ” ಎಂದು ಕೇಳಿರಿ. ಕೇಳುವವರು ಹೆಚ್ಚಿದರೆ ಬರೆಯುವ ವಾಡಿಕೆ ತಾನಾಗಿ ಬರುತ್ತದೆ. ಎರಡನೆಯದು ಗಂಡಸರಿಗೆ ಸಂಬಂಧಪಟ್ಟುದು. ಮನೆಯ ಗೃಹಿಣಿಗೆ ದಿನಕ್ಕೆ ಅರ್ಧ ಗಂಟೆ ಬಿಡುವು ಸಿಕ್ಕುವಂತೆ ಕಾಫಿಯ ಪಾತ್ರೆಯನ್ನೋ ಮೊಮ್ಮಗುವನ್ನೋ ತಾವು ನೋಡಿಕೊಳ್ಳಲಿ. “ನೀನೂ ವಾಕಿಂಗ್ ಹೋಗು” ಎಂದು ಹೇಳಿ ಪತ್ರಿಕೆ ಬಿಡಿಸಿ ಕೂರುವ ಯಜಮಾನರಿಗಿಂತ, “ನೀನು ಹೋಗಿ ಬಾ, ಅನ್ನದ ಕುಕ್ಕರನ್ನು ನಾನು ನೋಡಿಕೊಳ್ಳುತ್ತೇನೆ” ಎನ್ನುವ ಯಜಮಾನರೇ ಅವರ ಆರೋಗ್ಯಕ್ಕೆ ನಿಜವಾದ ಸಹಾಯಕರು.